ನಾಯಿ ಕಚ್ಚಿದ್ದು ದುಡಿಮೆಯ ಹೊತ್ತಿನಲ್ಲಿ

ಬ್ಯಾಡಗಿಯಲ್ಲಿ ಪಾರ್ಸಲ್ ಮುಟ್ಟಿಸುವವರಿಗೆ ಯಾವ ಗೇಟಿನ ಹಿಂದೆ ಯಾವ ನಾಯಿ ಇದೆಯೆಂಬುದು ಬಾಯಿಪಾಠ. ಕಚ್ಚಿದರೆ ಏನು ಮಾಡಬೇಕೆಂದು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ.

೨೦೦೭ರ ಫೆಬ್ರವರಿ, ಮೆಣಸಿನಕಾಯಿ ಸುಗ್ಗಿ. ಕೊರಿಯರ್ ಆಫೀಸಿನ ಮಕ್ತುಮಸಾಬ ಒಂದು ಗೋದಾಮಿನ ಮುಂದೆ ಸೈಕಲ್ ಇಳಿದಾಗ ಅಲ್ಲಿನ ಕಾವಲು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಹಮಾಲರು ಓಡಿಬಂದು ಗಾಯಕ್ಕೆ ಖಾರದ ಪುಡಿ ಒತ್ತಿ ಬಟ್ಟೆ ಕಟ್ಟಿದರು. ಖಾರ ವಿಷವನ್ನು ಸುಡುತ್ತದೆಂದು ಅವರ ನಂಬಿಕೆ. ಕೊರಿಯರ್ ಆಫೀಸಿನ ಮಾಲಕನಿಗೆ ಫೋನ್ ಮಾಡಿದರೆ, ಉಳಿದ ಪಾರ್ಸಲ್ ಮುಗಿಸಿಯೇ ಮನೆಗೆ ಹೋಗು ಎಂದ. ಮಕ್ತುಮಸಾಬ ಕುಂಟುತ್ತಲೇ ಮುಗಿಸಿದ.

ಹೆಂಡತಿ ಹುಸೇನಬಿ ಕಾಲು ನೋಡಿದವಳೇ ಪಕ್ಕದ ಮನೆಯ ನರ್ಸ್ ಗುಡ್ಡವ್ವನನ್ನು ಕರೆತಂದಳು.

“ಇದೇನ್ ಕಾಲೋ, ಮಸಾಲಿ ಹಚ್ಚಿದ ಮೀನೋ?” ಎಂದಳು ಗುಡ್ಡವ್ವ. “ಖಾರ ವಿಷ ಸುಡೂದಿಲ್ಲೋ ಮಾರಾಯಾ, ಗಾಯ ಕೆರಳಸ್ತೈತಿ.”

ನಲ್ಲಿಯ ಕೆಳಗೆ ಕಾಲಿಡಿಸಿ, ಸಾಬೂನು ಹಚ್ಚಿ ಕಾಲು ಗಂಟೆ ತೊಳೆಸಿದಳು. ಈಗಲೇ ಸರ್ಕಾರಿ ಆಸ್ಪತ್ರೆಗೆ ಹೊರಡು ಎಂದಳು. ಅವನು ಏಳಲಿಲ್ಲ. ಹಿಂದೆ ಅವನ ಮಾವನಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿದ್ದನ್ನು ಕಂಡಿದ್ದ. ಸಾಲದ್ದಕ್ಕೆ, ರಜೆ ಕೇಳಿದರೆ ಕೆಲಸವೇ ಹೋಗುವ ಭಯ.

“ಸಾಕಿದ ನಾಯಿ ಅದು, ಅಕ್ಕಾ. ಹುಚ್ಚ ಗಿಚ್ಚ ಏನಿಲ್ಲ.”

“ಅದರ ಹಣೀಮ್ಯಾಲೆ ಬರದೈತೇನು? ಹುಚ್ಚನಾಯಿ ರೋಗ ಒಮ್ಮೆ ಕಾಣಿಸ್ಕೊಂಡ್ರ ಉಳಸೋ ಔಷಧ ಯಾವ ಡಾಕ್ಟರ್ ಹತ್ರಾನೂ ಇಲ್ಲ. ಹದಿನಾಲ್ಕರ ಕಾಲ ಹೋತು. ಈಗ ಐದ, ಅದೂ ತೋಳಿಗೆ.”

ಹುಸೇನಬಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. “ಕೆಲಸ ಹೋದ್ರ ಇನ್ನೊಂದು ಸಿಗತೈತ್ರಿ. ನಿಮ್ಮನ್ನ ಎಲ್ಲಿಂದ ತರ್ಲಿ? ಏಳ್ರಿ.”

ಎದ್ದ. ಅಂದೇ ಮೊದಲ ಸೂಜಿ ಬಿತ್ತು. ಗಾಯ ಆಳವಾಗಿದ್ದರಿಂದ ಹಾವೇರಿಗೆ ಕಳಿಸಿ, ಗಾಯದ ಸುತ್ತಲೂ ಇನ್ನೊಂದು ಔಷಧ ಚುಚ್ಚಿಸಿದರು.

ಮೂರು ದಿನ ಬಿಟ್ಟು ಎರಡನೆಯ ಸೂಜಿ. ಮಾಲಕ ಬಿಡಲಿಲ್ಲ. ನಾಯಿ ಕಚ್ಚಿದ್ದು ಬೀದಿಯಲ್ಲಿ, ನನ್ನ ಆಫೀಸಿನಲ್ಲಲ್ಲ, ಸುಗ್ಗಿಯಲ್ಲಿ ರಜೆ ಇಲ್ಲ ಎಂದ. ಚೀಲ ತುಂಬಿ ಬೀದಿಗೆ ಅಟ್ಟುವವನೇ ಅವನು. ಇವರ ಆಫೀಸು ಬೀದಿಯೇ ಎಂದು ಅವನಿಗೆ ಗೊತ್ತಿರಲಿಲ್ಲವೆ?

ಜೊತೆಗಾರ ಕೊಟ್ರಪ್ಪ ಹೆಗಲ ಚೀಲವನ್ನು ಮಾಲಕನ ಮೇಜಿನ ಮೇಲೆ ಇಳಿಸಿದ. ಅವನ ಹಿಂದೆ ಇನ್ನೂ ಆರು ಜನ ಇಳಿಸಿದರು.

“ಸಾವ್ಕಾರ, ಮಕ್ತುಮ ದವಾಖಾನಿಗೆ ಹೋಗ್ಲಿ. ಅವನ ಪಾರ್ಸಲ್ ನಾವ್ ಹಂಚ್ಕೋತೀವಿ. ಇಲ್ಲಂದ್ರ ಇವನ್ನೆಲ್ಲಾ ನೀವ ಹೊತ್ಕೊಂಡು ಹೋಗ್ರಿ. ಗೋದಾಮಿನ ನಾಯಿಗೆ ನಿಮ್ಮ ಗುರುತೂ ಆಗ್ಲಿ.”

ಫೋನು ಬಡಿದುಕೊಳ್ಳತೊಡಗಿತು. ವ್ಯಾಪಾರಿಗಳು ಪಾರ್ಸಲ್ ಎಲ್ಲಿ ಎಂದು ಕೇಳುತ್ತಿದ್ದರು. ಮಧ್ಯಾಹ್ನದೊಳಗೆ ಮಾಲಕ ಮಣಿದ. ಇದು ಕೆಲಸದ ಹೊತ್ತಿನ ಗಾಯವೆಂದು ಬರೆದು ಸಹಿ ಹಾಕಿದ. ಸೂಜಿಯ ದಿನಗಳಿಗೆ ಸಂಬಳದ ರಜೆ ಕೊಟ್ಟ. ನಾಯಿ ಕಟ್ಟಿಹಾಕದ ಗೇಟಿನೊಳಗೆ ಯಾರೂ ಕಾಲಿಡಬೇಕಿಲ್ಲ ಎಂದೂ ಒಪ್ಪಿದ.

ಇಪ್ಪತ್ತೆಂಟನೆಯ ದಿನ ಐದನೆಯ ಸೂಜಿ ಮುಗಿಸಿ ಮಕ್ತುಮಸಾಬ ಹೊರಬಂದಾಗ ಏಳು ಸೈಕಲ್ಲುಗಳು ಆಸ್ಪತ್ರೆಯ ಮುಂದೆ ಕಾಯುತ್ತಿದ್ದವು. ಗಂಟೆ ಬಾರಿಸುತ್ತ, ಅಂಗಡಿಯವರೆಲ್ಲ ಹೊರಗೆ ಬಂದು ನೋಡುವಂತೆ, ಅವನನ್ನು ಪೇಟೆಯ ನಡುವೆ ಕರೆದೊಯ್ದರು.

ಪತ್ರ, ಪಾರ್ಸಲ್ ಹೊರುವ ಅಣ್ಣತಮ್ಮಂದಿರೇ, ನಾಯಿ ಕಚ್ಚಿದರೆ ಗಾಯಕ್ಕೆ ಏನನ್ನೂ ಮೆತ್ತಬೇಡಿ. ಸಾಬೂನು, ಹರಿಯುವ ನೀರು, ನೇರ ಆಸ್ಪತ್ರೆ. ಡಾಕ್ಟರು ಹೇಳಿದ ಒಂದು ಸೂಜಿಯನ್ನೂ ತಪ್ಪಿಸಬೇಡಿ. ಕಚ್ಚಿದ ಸಂಗತಿಯನ್ನು ಮಾಲಕನಿಗೆ ಅಂದೇ ಬರೆದುಕೊಡಿ, ಅವನ ಹತ್ತಿರ ಒಬ್ಬರೇ ಹೋಗದೆ ಜೊತೆಗಾರರೊಂದಿಗೆ ಹೋಗಿ. ಪಾರ್ಸಲ್ ನಾಳೆ ಮುಟ್ಟಿದರೂ ನಡೆಯುತ್ತದೆ. ನಿಮ್ಮ ಜೀವ ಇಂದೇ ಮನೆ ಮುಟ್ಟಬೇಕು.