ಒಂಬತ್ತನೆಯ ಸೊನ್ನೆ

ನುಸೈಬಾ ಎಲ್ಲದಕ್ಕೂ ಸೊನ್ನೆ ಹಾಕಿದ್ದಳು. ಖಿನ್ನತೆ ಅಳೆಯುವ ಹಾಳೆ; ಸೊನ್ನೆಯೆಂದರೆ 'ಒಮ್ಮೆಯೂ ಇಲ್ಲ', ಮೂರೆಂದರೆ 'ಹೆಚ್ಚುಕಡಿಮೆ ದಿನಾ'. ಒಂಬತ್ತು ಪ್ರಶ್ನೆ, ಒಂಬತ್ತು ದುಂಡನೆಯ ಸೊನ್ನೆ.

ಹತ್ತನೆಯ ತರಗತಿ. ಆರು ವಾರಗಳಿಂದ ಶಾಲೆಗೆ ಹೋಗಿರಲಿಲ್ಲ. ತಾಯಿ ಸಾಜಿದಾ ಅವಳನ್ನು ಕಾಪುವಿನಿಂದ ಎರಡು ಬಸ್ಸು ಬದಲಿಸಿ ಮಣಿಪಾಲದ ನಮ್ಮ ಆಪ್ತಸಮಾಲೋಚನೆ ಕೇಂದ್ರಕ್ಕೆ ಕರೆತಂದಿದ್ದರು.

"ನೋಡಿ ಮೇಡಂ, ಎಲ್ಲ ಸೊನ್ನೆ. ಕಾಯಿಲೆ ಎಂತದ್ದೂ ಇಲ್ಲ. ಇವಳ ಅಪ್ಪ ಸೌದಿಯ ದಮಾಮಿನಿಂದ ದಿನಾ ಫೋನಿನಲ್ಲಿ ಕೇಳುತ್ತಾರೆ. ಸೋಮವಾರದಿಂದ ಶಾಲೆಗೆ ಕಳಿಸಬಹುದಲ್ವಾ?"

ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಇವತ್ತು ಬಿಟ್ಟರೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಸೊನ್ನೆಗಳೂ ಗೊತ್ತಿದ್ದವು. ಗಂಡ ತೀರಿಕೊಂಡ ಮೇಲೆ ಸಹೋದ್ಯೋಗಿಯೊಬ್ಬರು ಇದೇ ಹಾಳೆ ಕೊಟ್ಟಾಗ ನಾನೂ ಹೀಗೇ ತುಂಬಿಸಿ, ಮರುದಿನ ಕೆಲಸಕ್ಕೆ ಬಂದಿದ್ದೆ.

ಸಾಜಿದಾರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

"ಪಾಸ್ ಅಲ್ವಾ ಮೇಡಂ?" ಎಂದಳು ನುಸೈಬಾ, ಬಾಗಿಲು ಮುಚ್ಚಿದ ಮೇಲೆ.

ಆಗ ಅರ್ಥವಾಯಿತು. ಪರೀಕ್ಷೆಯಲ್ಲಿ ಸದಾ ತರಗತಿಗೇ ಮೊದಲಿಗಳು. ಸರಿ ಉತ್ತರ ಯಾವುದೆಂದು ಊಹಿಸಿ ಬರೆದಿದ್ದಳು.

ಕೆಂಪು ಪೆನ್ನನ್ನು ಅವಳ ಮುಂದಿಟ್ಟೆ. "ಇದು ಪರೀಕ್ಷೆ ಅಲ್ಲ. ಈ ಪ್ರಶ್ನೆಗಳು ನನಗೂ ಹಿಡಿಸುವುದಿಲ್ಲ. ನೀನೇ ತಿದ್ದು. ನಿನ್ನ ಮಾತು ನಿನ್ನನ್ನು ಕೇಳದೆ ಹೊರಗೆ ಹೋಗುವುದಿಲ್ಲ. ಜೀವಕ್ಕೆ ಅಪಾಯ ಅಂತಾದರೆ ಮಾತ್ರ ಹೊರಗೆ ಕೂತಿರುವ ನಿನ್ನ ಉಮ್ಮನಿಗೆ ಹೇಳಲೇಬೇಕು. ಅದನ್ನೂ ಮೊದಲು ನಿನಗೆ ತಿಳಿಸಿಯೇ."

ಅವಳು ಹಾಳೆಯನ್ನು ಎತ್ತಿಕೊಂಡಳು. "'ಚಟುವಟಿಕೆಗಳಲ್ಲಿ ನಿರಾಸಕ್ತಿ.' ಇದು ಯಾರ ಕನ್ನಡ ಮೇಡಂ? ವಾರ್ತೆ ಓದುವವರದ್ದಾ?"

"ಹೊಡೆದುಹಾಕು."

ಹೊಡೆದಳು. ಪಕ್ಕದಲ್ಲಿ ಬರೆದಳು: ಬೆಲ್ ಆಗುವವರೆಗೆ ಶಾಲೆಯ ಬಾತ್‌ರೂಮಿನಲ್ಲೇ ನಿಲ್ಲುತ್ತೀಯಾ? ನಿದ್ರೆಯ ಪ್ರಶ್ನೆಯನ್ನೂ ಬದಲಾಯಿಸಿದಳು: ಉಮ್ಮ ಬಾಗಿಲು ತೆರೆದರೆ ನಿದ್ರೆ ಬಂದವಳ ಹಾಗೆ ಮಲಗುತ್ತೀಯಾ?

ಒಂಬತ್ತನೆಯದರ ಬಳಿ ಪೆನ್ನು ನಿಂತಿತು. ಸಾಯುವ ಯೋಚನೆಯ ಬಗೆಗಿನ ಪ್ರಶ್ನೆ ಅದು. ಪ್ರಶ್ನೆಯನ್ನು ಮುಟ್ಟಲಿಲ್ಲ. ಅದರ ಮುಂದಿನ ಸೊನ್ನೆಯನ್ನು ಹೊಡೆದು ಎರಡು ಎಂದು ಬರೆದಳು.

ನಾನು ಅದರ ಬಗ್ಗೆಯೇ ಕೇಳಿದೆ. ಅವಳು ಹೇಳಿದಳು. ಅರ್ಧ ಗಂಟೆ ಹಿಡಿಯಿತು.

"ಉಮ್ಮನಿಗೆ ನೀವು ಹೇಳುತ್ತೀರಾ?"

"ಇಬ್ಬರೂ ಸೇರಿ ಹೇಳುವ."

ಸಾಜಿದಾ ಕೇಳಿಸಿಕೊಂಡರು. ಅಳಲಿಲ್ಲ. ಶಾಲಿನ ತುದಿಯಿಂದ ಮಗಳ ಬೆರಳಿನ ಕೆಂಪು ಶಾಯಿ ಒರೆಸುತ್ತ, "ಡಾಕ್ಟರ್ ಇವತ್ತೇ ಸಿಗುತ್ತಾರಾ?" ಎಂದರು.

ಸಿಕ್ಕರು. ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಮಾತು. ಐದನೆಯ ವಾರ ಅವಳು ಶಾಲೆಯ ಗೇಟಿನವರೆಗೆ ಹೋಗಿ ಹಿಂದೆ ಬಂದಳು. ಆರನೆಯ ವಾರ ಒಂದು ಪಿರಿಯಡ್ ಕೂತಳು.

ನಾಲ್ಕು ತಿಂಗಳ ಮೇಲೆ ಯೂನಿಫಾರ್ಮಿನಲ್ಲಿ, ಒಬ್ಬಳೇ ಬಂದಳು. ತಾನೇ ತಿದ್ದಿದ ಹಾಳೆ ಕೇಳಿ ತುಂಬಿಸಿದಳು. ಒಂದು, ಎರಡು, ಒಂದು. ಕೊನೆಯದಕ್ಕೆ ದೊಡ್ಡದೊಂದು ಸೊನ್ನೆ.

"ಇದು ನಿಜದ್ದು ಮೇಡಂ. ಉಳಿದದ್ದಕ್ಕೆ ಮುಂದಿನ ವಾರ ಬರುತ್ತೇನೆ."

ನಾನು ನಕ್ಕೆ. ಜೋರಾಗಿಯೇ ಇರಬೇಕು. ನನ್ನ ನಗು ಕೇಳಿಯೇ ಇರದ ರಿಸೆಪ್ಷನ್‌ನ ಎಡ್ವಿನ್ ಗಾಬರಿಯಿಂದ ಬಾಗಿಲು ತೆರೆದರು.

"ಎಂತ ಇಲ್ಲ ಅಂಕಲ್," ಎಂದಳು ನುಸೈಬಾ. "ಮೇಡಂ ಪಾಸ್."