ಸಿದ್ಧಕಟ್ಟೆ ಯುನೈಟೆಡ್ ಮಾರಾಟಕ್ಕೆ ಬಂದ ಭಾನುವಾರ

ಸೋಲುವುದಕ್ಕೂ ಒಂದು ಶಿಸ್ತು ಬೇಕು ಎನ್ನುವುದಾದರೆ ಅದು ಸಿದ್ಧಕಟ್ಟೆ ಯುನೈಟೆಡ್ ಎಂಬ ಫುಟ್ಬಾಲ್ ತಂಡಕ್ಕೆ ಚೆನ್ನಾಗಿಯೇ ಒಲಿದಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಂಡಗಳು ಸೇರಿ ನಡೆಸುವ ಲೀಗಿನಲ್ಲಿ ಬಹಳ ವರ್ಷಗಳಿಂದ ಕೊನೆಯ ಸ್ಥಾನವನ್ನು ಅದು ಬೇರೆ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ಗುರುವಾಯನಕೆರೆಯವರಂತೂ ಇವರ ಮೇಲೆ ಮ್ಯಾಚ್ ಇದ್ದ ದಿನ ತಮ್ಮ ಒಳ್ಳೆಯ ಆಟಗಾರರಿಗೆಲ್ಲ ರಜೆ ಕೊಟ್ಟುಬಿಡುತ್ತಿದ್ದರು. ಆದರೂ ಗೆಲ್ಲುತ್ತಿದ್ದರು.

ಇಂಥ ತಂಡದ ಮಾಲೀಕರು ಶಂಭು ಶೆಟ್ಟರು. ಸಿದ್ಧಕಟ್ಟೆ ಪೇಟೆಯಲ್ಲಿ ಹೋಟೆಲು ಇಟ್ಟುಕೊಂಡವರು. ಅವರಲ್ಲಿಯ ಬನ್ಸ್ ತಿನ್ನಲಿಕ್ಕೆಂದೇ ಬಿ.ಸಿ.ರೋಡಿನಿಂದ ಬರುವ ಜನ ಉಂಟು. ಫುಟ್ಬಾಲಿಗೂ ಬನ್ಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಏನೂ ಇಲ್ಲ. ವರ್ಷಗಳ ಹಿಂದೆ ತಂಡ ಅದೃಷ್ಟವಶಾತ್ ಒಂದು ಫೈನಲ್ ಗೆದ್ದಿತು, ಗೆದ್ದ ಗದ್ದಲದಲ್ಲಿ ಯಾರೋ ಶೆಟ್ಟರ ಕೈಗೆ ಮೈಕ್ ಕೊಟ್ಟರು. ಮೈಕ್ ಕೈಗೆ ಸಿಕ್ಕಿದರೆ ನಮ್ಮ ಕಡೆಯವರಿಗೆ ಮುಂದಿನದ್ದು ಕಾಣುವುದಿಲ್ಲ. ಇನ್ನು ಮೇಲೆ ಈ ತಂಡದ ಜವಾಬ್ದಾರಿಯೆಲ್ಲ ನನ್ನದೇ ಎಂದು ಶೆಟ್ಟರು ಸಾರಿಬಿಟ್ಟರು. ತಂಡ ಗೆದ್ದ ಕೊನೆಯ ಕಪ್ಪು ಅದೇ.

ಅಂದಿನಿಂದ ಜೆರ್ಸಿ, ಚೆಂಡು, ಹುಡುಗರನ್ನು ಕರೆದೊಯ್ಯುವ ಜೀಪು, ಉಳುಕಿದ ಕಾಲಿಗೆ ಐಸು, ರೆಫ್ರಿಗೆ ಬಿರಿಯಾನಿ ಎಲ್ಲವೂ ಶೆಟ್ಟರ ತಲೆಯ ಮೇಲೆ. ಕೆಸರಿನ ಜೆರ್ಸಿಗಳು ಅವರ ಹೆಂಡತಿ ಜಲಜಾಕ್ಷಿಯವರ ವಾಷಿಂಗ್ ಮೆಷಿನಿನ ಮೇಲೆ. ಒಂದು ಮೆಷಿನು ಕೆಟ್ಟು ಲಗಾಡಿ ಹೋಗಿ, ಇನ್ನೊಂದು ಬಂದು, ಅದೂ ಈಗ ವಿಚಿತ್ರವಾಗಿ ಕೆಮ್ಮತೊಡಗಿತ್ತು.

ಶೆಟ್ಟರಿಗೆ ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು. ಪ್ರತಿ ವರ್ಷ ಲೀಗ್ ಮುಗಿದ ಮೇಲೆ ಅವರ ಮನೆಯಲ್ಲಿ ನೀರುದೋಸೆ, ಕೋಳಿ ಸುಕ್ಕದ ಊಟ. ಊಟವಾದ ಮೇಲೆ ಶೆಟ್ಟರು ಎದ್ದು ನಿಂತು, ಇನ್ನು ನನ್ನಿಂದಾಗದು, ಬೇರೆ ಯಾರಾದರೂ ನೋಡಿಕೊಳ್ಳಿ ಎನ್ನುವುದು. ಅಭಿಮಾನಿಗಳೆಲ್ಲ ಒಂದೇ ಸ್ವರದಲ್ಲಿ ಛೆ ಛೆ, ನೀವಿಲ್ಲದೆ ತಂಡ ಉಂಟಾ ಎನ್ನುವುದು. ಶೆಟ್ಟರು ಮತ್ತೆ ಕುಳಿತುಕೊಳ್ಳುವುದು. ಹೀಗೆ ವರ್ಷಗಳು ಕಳೆದವು.

ಅಷ್ಟರಲ್ಲಿ ಮೂಡುಬಿದಿರೆಯ ಶೋಧನ್ ಫೋನ್ ಮಾಡಿದ. ದುಬೈಯಲ್ಲಿ ದುಡಿದು ಬಂದ ಹುಡುಗ, ಊರಿನಲ್ಲಿ ದೀಪ ಹಾಕಿ ಆಡುವ ಹಸಿರು ಮೈದಾನ ಮಾಡಿಸಿದ್ದಾನೆ. ಮೈದಾನ ಆಯಿತು, ಇನ್ನು ತಂಡ ಬೇಕು. ಲೀಗಿನಲ್ಲಿ ಜಾಗ ಸಿಗಬೇಕಾದರೆ ಇದ್ದ ತಂಡವನ್ನೇ ಕೊಳ್ಳಬೇಕು. ಸಿದ್ಧಕಟ್ಟೆ ಯುನೈಟೆಡ್ಡನ್ನು ಕೊಡುತ್ತೀರಾ ಎಂದು ಅವನು ಕೇಳಿ ಮುಗಿಸುವ ಮೊದಲೇ ಶೆಟ್ಟರ ಬಾಯಿಗೆ ‘ಹೂಂ’ ಬಂದಿತ್ತು. ಅದನ್ನು ಅಲ್ಲೇ ನುಂಗಿಕೊಂಡು, ಅಭಿಮಾನಿಗಳನ್ನು ಕೇಳಿ ಭಾನುವಾರ ಸಂಜೆ ಹೇಳುತ್ತೇನೆ ಎಂದರು.

ನುಂಗಿಕೊಂಡದ್ದಕ್ಕೆ ಕಾರಣವಿತ್ತು. ಮಕ್ಕಳಿಲ್ಲದ ಆ ಮನೆಯ ಚಾವಡಿ ಭಾನುವಾರ ಒಂದು ದಿನ ತುಂಬಿರುತ್ತಿತ್ತು. ಅಭಿಮಾನಿಗಳು ಮ್ಯಾಚಿಗೆ ಮೊದಲು ಇಲ್ಲಿ ಸೇರಿ, ಮ್ಯಾಚ್ ಸೋತು ಇಲ್ಲಿಗೇ ಬಂದು, ಚಹಾ ಕುಡಿದು, ಊರಿನ ಸುದ್ದಿಯೆಲ್ಲ ಮಾತಾಡಿ ಹೋಗುತ್ತಿದ್ದರು. ತಂಡವನ್ನು ಕೊಟ್ಟರೆ ಇವರೆಲ್ಲ ಇನ್ನು ಯಾಕೆ ಬರುತ್ತಾರೆ? ಊರಿನ ತಂಡವನ್ನು ಮಾರಿದವ ಎಂದು ಪೇಟೆಯಲ್ಲಿ ಮುಖ ತಿರುಗಿಸಿದರೆ? ತಂಡ ಹೋಗಲಿ ಎಂದು ಶೆಟ್ಟರಿಗೆ ಎಷ್ಟು ಆಸೆಯೋ, ಜನ ಹೋಗಬಾರದೆಂದು ಅಷ್ಟೇ ಹೆದರಿಕೆ. ಆ ವಾರವಿಡೀ ಅವರಿಗೆ ಇದೇ ಮಂಡೆಬಿಸಿ.

ಭಾನುವಾರ ಮಧ್ಯಾಹ್ನ ಮೀಟಿಂಗ್ ಸೇರಿತು. ಅಭಿಮಾನಿಗಳೆಂದರೆ ಸಾವಿರಗಟ್ಟಲೆ ಜನ ಎಂದುಕೊಳ್ಳಬೇಡಿ, ಎಲ್ಲರೂ ಕುಳಿತ ಮೇಲೂ ಚಾವಡಿಯಲ್ಲಿ ಕುರ್ಚಿ ಉಳಿದಿದ್ದವು. ಅವರಲ್ಲಿ ಮಾತಿನವರು ಮೂವರು. ಮೊದಲನೆಯವರು ಹಸೈನಾರ್ ಬ್ಯಾರಿ, ಬಸ್ ಡ್ರೈವರ್ ಆಗಿ ನಿವೃತ್ತರಾದವರು, ತಂಡದ ಗೋಲು ಕಾಯುತ್ತಿದ್ದ ಹಳೆಯ ಗೋಲಿ. ಎರಡನೆಯವನು ಮೊಬೈಲ್ ಅಂಗಡಿಯ ಇರ್ಷಾದ್. ಜಗತ್ತಿನ ಯಾವ ಮೂಲೆಯಲ್ಲಿ ಚೆಂಡು ಉರುಳಿದರೂ ಅವನಿಗೆ ತಿಳಿಯುತ್ತದೆ. ಮೂರನೆಯವಳು ಹಾಲಿನ ಸೊಸೈಟಿಯ ಪ್ರೇಮಾವತಿ. ಅವಳ ಬೊಬ್ಬೆಗೆ ಹೆದರಿ, ಈಕೆಯನ್ನು ಸ್ವಲ್ಪ ದೂರ ಕೂರಿಸಿ ಎಂದು ರೆಫ್ರಿಗಳು ಕೇಳಿಕೊಂಡದ್ದಿದೆ.

ದಿನವೂ ತುಳುವಿನಲ್ಲಿ ಹರಟುವವರು, ಮೀಟಿಂಗ್ ಎಂದ ಮೇಲೆ ಕನ್ನಡವೇ ಆಗಬೇಕೆಂದು ಕನ್ನಡಕ್ಕೆ ಬಂದರು. ಕನ್ನಡಕ್ಕೆ ಬಂದ ಕೂಡಲೇ ಎಲ್ಲರ ಬೆನ್ನು ನೆಟ್ಟಗಾಯಿತು, ಮಾತಿಗೆ ಇಸ್ತ್ರಿ ಬಿತ್ತು. ಶೆಟ್ಟರು ಶೋಧನ್‌ನ ವಿಷಯ ಮುಂದಿಟ್ಟರು. ಜೆರ್ಸಿ ನೀಲಿ ಹೋಗಿ ಕಿತ್ತಳೆ ಆಗುತ್ತದೆ, ತಂಡದ ಹೆಸರಿನಲ್ಲಿ ಸಿದ್ಧಕಟ್ಟೆ ಇರುವುದಿಲ್ಲ, ಆಟವೆಲ್ಲ ಮೂಡುಬಿದಿರೆಯಲ್ಲಿ. ಏನೂ ಮುಚ್ಚಿಡದೆ ಹೇಳಿ, ನಿಮ್ಮ ಅಭಿಪ್ರಾಯ ಹೇಗೋ ಹಾಗೆ ಎಂದರು.

ಹಸೈನಾರ್ ಎದ್ದು, ತಂಡವೆಂದರೆ ಕೊಟ್ಟು ತೆಗೆದುಕೊಳ್ಳುವ ಸಾಮಾನಲ್ಲ, ಅದು ಊರಿನ ಮಾನ ಎಂದರು. ಎಲ್ಲರೂ ತಲೆಯಾಡಿಸಿದರು. ಪ್ರೇಮಾವತಿ, ನೀಲಿ ಜೆರ್ಸಿ ಬಿಟ್ಟು ಬೇರೆ ಬಣ್ಣಕ್ಕೆ ತನ್ನ ಬಾಯಿಂದ ಬೊಬ್ಬೆ ಬರಲಾರದು ಎಂದಳು. ಅದಕ್ಕೂ ತಲೆಯಾಡಿಸಿದರು. ಇರ್ಷಾದ್ ಜರ್ಮನಿಯನ್ನು ಎತ್ತಿಕೊಂಡ. ಅಲ್ಲಿ ಕ್ಲಬ್ಬುಗಳ ದೊಡ್ಡ ಪಾಲು ಅಭಿಮಾನಿಗಳ ಕೈಯಲ್ಲೇ ಇರುತ್ತದೆ, ದುಡ್ಡಿನವನು ಬಂದು ಹೆಸರು ಬದಲಿಸುವ ಹಾಗಿಲ್ಲ, ಅಭಿಮಾನಿಯೇ ಮಾಲೀಕ, ಅದೇ ನಿಜವಾದ ಫುಟ್ಬಾಲು ಎಂದು ಕೈಬೀಸಿ ಹೇಳಿದ. ಚಪ್ಪಾಳೆಯೂ ಬಿತ್ತು.

ಶೆಟ್ಟರ ಮುಖ ಅರಳಿತು. ಇಂಥದೊಂದು ದಾರಿ ಇರುವುದು ಅವರಿಗೆ ಹೊಳೆದೇ ಇರಲಿಲ್ಲ.

“ಹಾಗಾದ್ರೆ ನೀವೇ ತೆಕ್ಕೊಳ್ಳಿ ಮಾರಾಯ್ರೆ,” ಎಂದರು. “ನನಗೆ ಒಂದು ಪೈಸೆ ಬೇಡ. ಇವತ್ತಿಂದಲೇ ನಿಮ್ಮದು.”

ಇರ್ಷಾದನಿಗೆ ತನ್ನ ಅಂಗಡಿಯ ಮಾಡು ಸೋರುವುದು ತಟ್ಟನೆ ನೆನಪಾಯಿತು, ಈ ವರ್ಷ ಅದರ ಕೆಲಸವೇ ಮುಗಿಯುವ ಹಾಗೆ ಕಾಣುವುದಿಲ್ಲ ಎಂದ. ಹಸೈನಾರರು ಮೊಣಕಾಲು ಒತ್ತಿಕೊಂಡು, ಡಾಕ್ಟ್ರು ಹೊಸ ಜವಾಬ್ದಾರಿ ಯಾವುದೂ ಬೇಡ ಎಂದಿದ್ದಾರೆ ಎಂದರು. ಮೊಣಕಾಲಿನ ಡಾಕ್ಟ್ರು ಹಾಗೆ ಯಾಕೆ ಹೇಳಿದರೋ. ಪ್ರೇಮಾವತಿಗೆ ಮಗಳು ದೀಕ್ಷಿತಾಳ ಪರೀಕ್ಷೆ ಅಡ್ಡ ಬಂತು. ಪರೀಕ್ಷೆಗೆ ಇನ್ನೂ ಎಷ್ಟೋ ತಿಂಗಳಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ವಿಷಯ ಅರ್ಥವಾಗಬೇಕಿತ್ತು. ಶಂಭು ಶೆಟ್ಟರಿಗೆ ಅರ್ಥವಾದದ್ದೇ ಬೇರೆ. ಪಾಪ, ನನ್ನ ಜಾಗದಲ್ಲಿ ಕೂರಲು ಇವರಿಗೆ ಮನಸ್ಸು ಬಾರದು, ನಾನೇ ಇರಬೇಕೆಂಬ ಆಸೆ ಇವರಿಗೆ, ಅದಕ್ಕೇ ಹೀಗೆ ಏನೇನೋ ನೆವ ಹೇಳುತ್ತಿದ್ದಾರೆ ಎಂದುಕೊಂಡರು. ಅವರ ಎದೆ ಒಂದೇ ಹೊತ್ತಿಗೆ ಉಬ್ಬಿತು, ಕುಸಿಯಿತು. ಉಬ್ಬಿದ್ದು ಪ್ರೀತಿಗೆ, ಕುಸಿದದ್ದು ಬರುವ ವರ್ಷದ ಲೀಗಿಗೆ.

“ಆಯ್ತು,” ಎಂದರು ಶೆಟ್ಟರು. “ನಿಮ್ಮ ಮನಸ್ಸು ನೋಯಿಸಿ ನನಗೆ ಎಂತ ಆಗ್ಲಿಕ್ಕುಂಟು. ಮಾರುದಿಲ್ಲ. ನಾನೇ ನೋಡಿಕೊಳ್ತೇನೆ.”

ಚಪ್ಪಾಳೆ ಬಿತ್ತು, ಆದರೆ ಅಷ್ಟು ಸೋತ ಚಪ್ಪಾಳೆಯನ್ನು ಸಿದ್ಧಕಟ್ಟೆ ಯುನೈಟೆಡ್ ಕೂಡ ಕೇಳಿರಲಿಲ್ಲ. ಶೆಟ್ಟರು ಶೋಧನ್‌ಗೆ ಇಲ್ಲ ಎನ್ನಲು ಫೋನ್ ತೆಗೆದು, ಕನ್ನಡಕ ಹುಡುಕಿ, ನಂಬರು ನೋಡತೊಡಗಿದರು.

“ಫೋನ್ ಕೆಳಗೆ ಇಡಿ,” ಎಂದರು ಜಲಜಾಕ್ಷಿ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರಿಗೂ ಗೊತ್ತಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ಅವರು ಪ್ರೇಮಾವತಿಯ ಕಡೆಗೆ ತಿರುಗಿದರು. “ಪ್ರೇಮಾ, ನಿನ್ನ ಮನೆಗೆ ಬಂದ ನೆಂಟರು ಹೊರಡ್ತೇನೆ ಅಂತ ಎದ್ದಾಗ ನೀನು ಎಂತ ಹೇಳ್ತಿ?”

“ಎಂತ ಅವಸರ, ಕೂತ್ಕೊಳ್ಳಿ, ಊಟ ಮಾಡಿ ಹೋಗುವ ಅಂತ ಹೇಳ್ತೇನೆ ಜಲಜಕ್ಕ.”

“ಆಗ ಒಲೆಯಲ್ಲಿ ಅನ್ನ ಉಂಟಾ?”

“ಎಲ್ಲ ಸಲ ಇರುದಿಲ್ಲ,” ಎಂದಳು ಪ್ರೇಮಾವತಿ, ಸಣ್ಣ ಸ್ವರದಲ್ಲಿ.

“ನೆಂಟರು ಎಂತ ಮಾಡ್ತಾರೆ?”

“ಇನ್ನೊಮ್ಮೆ ಬರ್ತೇನೆ ಅಂತ ಹೋಗ್ತಾರೆ.”

“ಇವರು ಹೋಗ್ಲಿಲ್ಲ,” ಎಂದರು ಜಲಜಾಕ್ಷಿ, ಗಂಡನ ಕಡೆಗೆ ಗಲ್ಲ ಎತ್ತಿ. “ವರ್ಷ ವರ್ಷ ಎದ್ದು ನಿಲ್ತಾರೆ. ನೀವು ಕೂತ್ಕೊಳ್ಳಿ ಅಂತೀರಿ. ಇವರು ಕೂತುಬಿಡ್ತಾರೆ.”

ನಮ್ಮ ಕಡೆ ಹೊರಟವರನ್ನು ತಡೆಯದೆ ಕಳಿಸುವುದು ಮಹಾ ಒರಟುತನ. ಮೆಟ್ಟಿಲಿಳಿದವರನ್ನೂ ಕೂತ್ಕೊಳ್ಳಿ ಎನ್ನಬೇಕು, ಗೇಟು ದಾಟಿದವರನ್ನೂ ಚಹಾ ಆದರೂ ಕುಡಿಯಬಹುದಿತ್ತು ಎಂದು ಬೈಯಬೇಕು. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಅದು ಉಪಚಾರದ ಮಾತು. ಆ ಮಾತು ಕೇಳಿ ನಿಜವಾಗಿ ಕುಳಿತವರು ಮೂರು ತಾಲೂಕಿನಲ್ಲಿ ಶಂಭು ಶೆಟ್ಟರೊಬ್ಬರೇ ಇರಬೇಕು.

ಹಸೈನಾರ್ ಬ್ಯಾರಿ ಕೆಮ್ಮಿದರು, ಆಮೇಲೆ ಮೆಲ್ಲನೆ ಬಾಯಿಬಿಟ್ಟರು. ಆ ಮೈದಾನದ ಬದಿಯ ಬೆಂಚಿನಲ್ಲಿ ಕೂತು ಕೂತು ತನ್ನ ಸೊಂಟ ಹೋಗಿದೆ, ಮಾರುವ ಸುದ್ದಿ ಪೇಟೆಯಲ್ಲಿ ಹಬ್ಬಿದ ದಿನವೇ ಮನೆಯಲ್ಲಿ ಹೆಂಡತಿ ಸಂತೋಷಕ್ಕೆ ಪಾಯಸ ಮಾಡಿದಳು ಎಂದರು. ಪ್ರೇಮಾವತಿ, ಆಫ್‌ಸೈಡ್ ಎಂದರೆ ಏನೆಂದು ತನಗೆ ಇಂದಿಗೂ ಗೊತ್ತಿಲ್ಲ, ಶಂಭಣ್ಣ ಎದ್ದಾಗ ಎದ್ದು ಬೊಬ್ಬೆ ಹಾಕುವುದಷ್ಟೇ ಎಂದಳು. ಇರ್ಷಾದ್ ಮಾತ್ರ ತಲೆ ತಗ್ಗಿಸಿ, ದೊಡ್ಡ ದೊಡ್ಡ ಆಟ ನೋಡಿದ ಕಣ್ಣಿಗೆ ನಮ್ಮ ಹುಡುಗರ ಪಾಸು ನೋಡುವುದು ಎಷ್ಟು ಕಷ್ಟ ಎಂದು ಯಾರಲ್ಲೂ ಹೇಳುವ ಹಾಗಿರಲಿಲ್ಲ ಎಂದ.

ಶೆಟ್ಟರಿಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ, ಅಷ್ಟು ಜೆರ್ಸಿ, ಎರಡು ವಾಷಿಂಗ್ ಮೆಷಿನು. ಅವರು ಕನ್ನಡಕ ತೆಗೆದು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು.

“ಮತ್ತೆ ಪ್ರತಿ ಭಾನುವಾರ ಬಂದದ್ದು ಯಾಕೆ?”

ಹಸೈನಾರರೇ ಹೇಳಿದರು. “ನೀವೊಬ್ಬರೇ ಆಗ್ತೀರಲ್ಲ ಶೆಟ್ರೆ. ಗೆಲ್ಲುವಾಗ ಒಬ್ಬರೇ ಇದ್ರೂ ಅಡ್ಡಿ ಇಲ್ಲ. ಸೋಲುವಾಗ ಒಬ್ಬರನ್ನೇ ಬಿಡ್ಬಾರದು.”

ಶೆಟ್ಟರ ಸಿಟ್ಟು ಎಲ್ಲಿಗೆ ಹೋಯಿತೋ. ಅವರಿಗೆ ಅಳು ಬಂತು, ನಾಚಿಕೆಯಿಲ್ಲದೆ ಎಲ್ಲರೆದುರು ಕಣ್ಣೊರಸಿಕೊಂಡರು. ನಿಮಗೆ ಬೇಜಾರಾಗಬಾರದೆಂದು ನಾನು ತಂಡ ಇಟ್ಟುಕೊಂಡದ್ದು ಎಂದು ಹೇಳುವಷ್ಟರಲ್ಲಿ ಅಳುವಿನ ನಡುವೆಯೇ ನಗು ಹುಟ್ಟಿತು. ಮೊದಲು ಪ್ರೇಮಾವತಿ, ಆಮೇಲೆ ಇಡೀ ಚಾವಡಿ ನಕ್ಕಿತು. ಎಲ್ಲರೂ ಕನ್ನಡ ಬಿಟ್ಟು ತುಳುವಿಗಿಳಿದರು. ಆ ಗದ್ದಲದಲ್ಲಿಯೇ ಶೆಟ್ಟರು ಶೋಧನ್‌ಗೆ ಫೋನ್ ಮಾಡಿ ತೆಕ್ಕೊ ಮಾರಾಯ ಎಂದರು. ಕರಾರು ಏನಾದರೂ ಉಂಟಾ ಎಂದು ಅವನು ಕೇಳಿದಾಗ, ಗೆಲ್ಲಲಿ ಸೋಲಲಿ ಹುಡುಗರಿಗೆ ಹೊಟ್ಟೆ ತುಂಬ ಊಟ ಹಾಕಬೇಕು, ಅಷ್ಟೇ ಎಂದರು. ಆ ರಾತ್ರಿ ಅವರಿಗೆ ಹಾಸಿಗೆಗೆ ಬಿದ್ದದ್ದಷ್ಟೇ ನೆನಪು.

ಲೀಗ್ ಶುರುವಾದ ಭಾನುವಾರ ಬಂತು. ಶೆಟ್ಟರು ಬೆಳಗ್ಗೆ ಹೋಟೆಲಿಗೆ ಹೋಗಿ ಬಂದು, ಉಂಡು, ಚಾವಡಿಯಲ್ಲಿ ಕುಳಿತರು. ಅಂದಿನ ಪ್ರೀತಿಯ ಮಾತು ಬೇರೆ, ಭಾನುವಾರದ ಮಧ್ಯಾಹ್ನ ಬೇರೆ. ತಂಡವೇ ಇಲ್ಲದ ಮೇಲೆ ಯಾರು ಬರುತ್ತಾರೆ? ಸ್ವಲ್ಪ ಹೊತ್ತು ಮಲಗಿ ಎಂದು ಜಲಜಾಕ್ಷಿ ಹೇಳಿದರು. ಮಲಗಲು ಒಳಗೆ ಹೋದವರಿಗೆ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು.

ಇರ್ಷಾದನ ಕಾರು. ಮುಂದೆ ಹಸೈನಾರ್, ಹಿಂದೆ ಪ್ರೇಮಾವತಿ. ಮೂಡುಬಿದಿರೆಯಲ್ಲಿ ಮ್ಯಾಚ್ ಉಂಟು, ಹೊರಡಿ ಎಂದರು. ಆಟ ನೋಡುವುದು ಕಷ್ಟ ಎಂದವರು ನೀವೇ ಅಲ್ಲವೇ ಎಂದು ಶೆಟ್ಟರು ಕೇಳಿದ್ದಕ್ಕೆ ಇರ್ಷಾದ್, “ಅದು ನಮ್ಮ ತಂಡದ್ದು ಶೆಟ್ರೆ. ಇನ್ನೊಬ್ಬರ ತಂಡ ಸೋಲುದು ನೋಡ್ಲಿಕ್ಕೆ ಖುಷಿಯಲ್ವಾ?” ಎಂದ. ಜಲಜಾಕ್ಷಿಯವರೂ ಸೀರೆ ಬದಲಿಸಿ ಬಂದು ಪ್ರೇಮಾವತಿಯ ಪಕ್ಕ ಕುಳಿತರು. ಅಷ್ಟು ವರ್ಷದಲ್ಲಿ ಅವರು ಮ್ಯಾಚಿಗೆ ಹೊರಟದ್ದು ಅದೇ ಮೊದಲು.

ಹೊಸ ಮೈದಾನದಲ್ಲಿ ಒರಗುವ ಕುರ್ಚಿಗಳಿದ್ದವು. ಹುಡುಗರು ಅವರೇ, ಜೆರ್ಸಿ ಮಾತ್ರ ಕಿತ್ತಳೆ. ಅರ್ಧ ಆಟದೊಳಗೆ ಮೂರು ಗೋಲು ತಿಂದರು. ಶೆಟ್ಟರು ಎದೆ ಮುಟ್ಟಿ ನೋಡಿಕೊಂಡರು. ಯಾವ ನೋವೂ ಇಲ್ಲ. ಕೈಯಲ್ಲಿದ್ದ ಪೊಟ್ಟಣದ ನೆಲಗಡಲೆ ಹಿತವಾಗಿತ್ತು, ಗಾಳಿ ಬೀಸುತ್ತಿತ್ತು, ಆ ಕಡೆ ಶೋಧನ್ ತಲೆಗೆ ಕೈ ಹಚ್ಚಿ ಕುಳಿತಿದ್ದ. ನಾಲ್ಕನೆಯ ಗೋಲು ಗೋಲಿಯ ಕಾಲಿನ ನಡುವಿನಿಂದ ಹೋದಾಗ ಅವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕೈ ಬಾಯಿಗೆ ಹಿಡಿದು, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದರು.

“ಓ ಮಾಲೀಕರೇ, ಆ ಗೋಲಿಯನ್ನು ಎಲ್ಲಿಂದ ಹುಡುಕಿ ತಂದದ್ದು ಮಾರಾಯ್ರೆ?”

ಅವನನ್ನು ಹುಡುಕಿ ತಂದವರು ಶೆಟ್ಟರೇ. ಪಕ್ಕದಲ್ಲಿದ್ದ ನಾಲ್ವರಿಗೂ ಅದು ಚೆನ್ನಾಗಿ ಗೊತ್ತಿತ್ತು. ನಾಲ್ವರೂ ಎದ್ದು ನಿಂತು ಅವರ ಜೊತೆ ಬೊಬ್ಬೆ ಹಾಕಿದರು.