ಬ್ರೆಡ್ಡಕ್ಕನ ಒಲೆಗೆ ಎಷ್ಟು ಕಾಡು ಬೇಕು?

ಬೀದಿಯವರಿಗೆಲ್ಲ ಅವಳು ಬ್ರೆಡ್ಡಕ್ಕ. ಅವಳದೊಂದು ಹಠ: ಒಲೆ ಆರಬಾರದು. ಬ್ರೆಡ್ ಬೇಯುವುದು ಬೆಳಿಗ್ಗೆ ಮಾತ್ರ, ಕಟ್ಟಿಗೆ ಸಂಜೆಯವರೆಗೂ ಉರಿಯಬೇಕು. ಹೊಗೆ ಕಾಣದಿದ್ದರೆ ಅಂಗಡಿ ಮುಚ್ಚಿತೆಂದು ಗಿರಾಕಿಗಳು ಎದುರಿನ ಬನ್ನಿನವನ ಹತ್ತಿರ ಹೋದಾರು ಎಂಬ ಭಯ. ಬನ್ನಿನವನಿಗೂ ಅದೇ ಭಯ. ಹೀಗೆ ಎರಡು ಚಿಮಣಿಗಳೂ ಪೈಪೋಟಿಗೆ ಬಿದ್ದಿದ್ದವು. ಕಟ್ಟಿಗೆಗಾಗಿ ಕಡಿದು ಕಡಿದು ಊರ ಗುಡ್ಡದ ತೋಪು ಬೋಳಾಗುತ್ತಾ ಬಂದಿತ್ತು. ತೋಪಿನ ಬುಡದ ಒರತೆಯ ನೀರಿನಲ್ಲೇ ಇಬ್ಬರೂ ಹಿಟ್ಟು ನಾದಬೇಕು. ಈಗ ಆ ಒರತೆ ಒಂದು ಕೊಡ ತುಂಬಲೂ ಸತಾಯಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಗಣತಿ ಕೆಲಸದ ನಾದಿನಿ ಬಂದಳು. ಈ ಸಲ ಜನರ ಗಣತಿಯಲ್ಲ, ಜನ ಬಳಸುವುದರ ಗಣತಿ.

“ಅತ್ತಿಗೆ, ದಿನಕ್ಕೆ ಎಷ್ಟು ಕಟ್ಟಿಗೆ ಸುಡ್ತೀರಿ?”

“ಒಂದು ಹೊರೆ,” ಎಂದಳು ಬ್ರೆಡ್ಡಕ್ಕ, ಕಣ್ಣು ಮಿಟುಕಿಸದೆ.

ಹಿತ್ತಿಲಲ್ಲಿದ್ದ ಗಂಡನಿಗೆ ಕೆಮ್ಮು ಬಂತು. ದಿನಾ ಮೂರು ಹೊರೆ ಹೊತ್ತು ತರುವವನು ಅವನೇ.

“ಅಣ್ಣನ ಕೆಮ್ಮು ಬೇರೆ ಲೆಕ್ಕ ಹೇಳ್ತಿದೆಯಲ್ಲ?”

“ನಿಜ ಹೇಳಿದ್ರೆ ನಾಳೆ ಒಲೆಗೆ ಬೀಗ ಹಾಕ್ತಾರೆ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ಕಣೇ!” ಬ್ರೆಡ್ಡಕ್ಕ ಅಂಗಲಾಚಿದಳು.

ನಾದಿನಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. “ಯಾರೂ ಬೀಗ ಹಾಕಲ್ಲ ಅತ್ತಿಗೆ. ನಾವು ಉಣ್ಣೋದು, ಉಡೋದು, ಸುಡೋದು ಎಲ್ಲ ಬೆಳೆಯೋಕೆ, ಆ ಹೊಗೆ ಹೀರೋಕೆ ಎಷ್ಟು ನೆಲ, ಎಷ್ಟು ಕಾಡು ಬೇಕು ಅಂತ ಇಡೀ ದೇಶಕ್ಕೆ ಲೆಕ್ಕ ಹಾಕ್ತಿದ್ದೀವಿ. ಇದಕ್ಕೆ ಪರಿಸರದ ಹೆಜ್ಜೆಗುರುತು ಅಂತಾರೆ. ಇರೋ ನೆಲಕ್ಕಿಂತ ಬೇಕಾದ ನೆಲವೇ ಜಾಸ್ತಿಯಾದ್ರೆ, ನಾವು ಮಕ್ಕಳ ಪಾಲಿಗೆ ಕೈ ಹಾಕಿದ್ದೀವಿ ಅಂತ ಅರ್ಥ.”

“ದೇಶದ ಲೆಕ್ಕದಲ್ಲಿ ನನ್ನ ಒಲೆ ಯಾವ ಮೂಲೆಗೆ?”

“ಎಲ್ಲರೂ ಹಾಗೇ ಅಂದ್ಕೊಂಡು ಕಡಿಮೆ ಹೇಳಿದ್ರೆ, ಕಾಡು ಇನ್ನೂ ಬೇಕಾದಷ್ಟಿದೆ ಅಂತ ಲೆಕ್ಕ ಬರುತ್ತೆ. ಉಳಿದ ಮರಕ್ಕೂ ಕೊಡಲಿ ಬೀಳುತ್ತೆ. ಒರತೆ ಬತ್ತಿದ್ಮೇಲೆ ಹಿಟ್ಟು ಯಾವುದ್ರಲ್ಲಿ ನಾದ್ತೀರಿ?”

ಬ್ರೆಡ್ಡಕ್ಕ ಒಲೆಯತ್ತ ನೋಡಿದಳು. ಒಳಗೆ ಒಂದು ಬ್ರೆಡ್ಡೂ ಇರಲಿಲ್ಲ, ಬೆಂಕಿ ಮಾತ್ರ ಧಗಧಗ ಉರಿಯುತ್ತಿತ್ತು. ಅವಳಿಗೆ ನಾಚಿಕೆಯಾಯಿತು.

“ಮೂರು ಹೊರೆ ಅಂತ ಬರ್ಕೋ,” ಎಂದಳು. ಆಮೇಲೆ ಗಂಡನನ್ನು ಕೂಗಿದಳು. “ರೀ, ಬನ್ನಿನವರನ್ನ ಕರೀರಿ. ಇಬ್ಬರಿಗೂ ಒಂದೇ ಒಲೆ ಸಾಕು. ನಮ್ಮ ಬ್ರೆಡ್ ತೆಗೆದ್ಮೇಲೆ ಅದೇ ಕಾವಲ್ಲಿ ಅವರ ಬನ್ ಬೇಯಲಿ.”

“ನೀನು ಅವನ ಜೊತೆ ಮಾತು ಬಿಟ್ಟು ಯಾವ ಕಾಲ ಆಯ್ತು!”

“ಅದಕ್ಕೇ ಕರೆಯೋದು ನೀವು. ಬಂದ್ಮೇಲೆ ಮಾತು ನಂದು.”

ಬನ್ನಿನವನು ಮೊದಲು ಮೂಗು ಮುರಿದ. ಅಂದು ಒರತೆಯಲ್ಲಿ ಸಿಕ್ಕ ಅರ್ಧ ಕೊಡ ನೀರನ್ನು ಅವಳು ಮುಂದಿಟ್ಟಾಗ ಒಪ್ಪಿಕೊಂಡ. ಆ ವಾರವೇ ಒಂದು ಒಲೆ ಆರಿತು. ಗಿರಾಕಿಗಳಲ್ಲಿ ಒಬ್ಬರೂ ತಪ್ಪಲಿಲ್ಲ.

ಓದುವವರೇ, ಇಂಥ ಲೆಕ್ಕ ಕೇಳುವವರು ನಿಮ್ಮ ಬಾಗಿಲಿಗೆ ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೇಡದ್ದನ್ನು ಇವತ್ತೇ ಬಿಡಿ. ಎಲ್ಲವನ್ನೂ ನಾವೇ ಮುಗಿಸಿ ಕೂತರೆ, ತೊಟ್ಟಿಲಲ್ಲಿರುವ ಮಗು ನಾಳೆ “ನನ್ನ ಪಾಲೆಲ್ಲಿ?” ಎಂದು ಕೇಳಿದಾಗ ಏನು ಹೇಳುತ್ತೀರಿ?